ಹೆಡ್ ಗ್ಯಾಸ್ಕೆಟ್: ಎರಡು ಲೋಹಗಳ ನಡುವಿನ ತೆಳು ಹಾಳೆಯ ಚರಿತ್ರೆ

ಮುಳವಾಡ ವಿಜಯಪುರ ಜಿಲ್ಲೆಯ ಒಂದು ಊರು. ಆಲಮಟ್ಟಿ ಜಲಾಶಯದ ನೀರನ್ನು ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಭಾಗದ ಹೊಲಗಳಿಗೆ ಎತ್ತಿ ಹರಿಸುವ ಏತ ನೀರಾವರಿ ಯೋಜನೆಗೆ ಈ ಊರಿನದೇ ಹೆಸರು. ಎರೆಮಣ್ಣಿನ ಈ ಸೀಮೆಯಲ್ಲಿ ಮಳೆ ಬಿದ್ದರೆ ಹೊಲದ ದಾರಿಗಳು ಅಂಟು ಕೆಸರಾಗುತ್ತವೆ. ಬೇಸಿಗೆಯಲ್ಲಿ ಉಷ್ಣತೆ 40° ಸೆ. ದಾಟುತ್ತದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸಬಲ್ಲ ಜೀಪಿಗೆ ಇದು ಹೇಳಿ ಮಾಡಿಸಿದ ನೆಲ. ಆದರೆ ಅದರ ಎಂಜಿನ್ನಿಗೆ ಇದೇ ನೆಲ ಕಠಿಣ ಪರೀಕ್ಷೆಯನ್ನೂ ಒಡ್ಡುತ್ತದೆ. ಕೆಸರಿನಲ್ಲಿ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಏರುವಾಗ ಎಂಜಿನ್ ಹೆಚ್ಚು ಶಾಖ ಉತ್ಪಾದಿಸುತ್ತದೆ, ರೇಡಿಯೇಟರಿಗೆ ಎದುರುಗಾಳಿ ಮಾತ್ರ ಸಿಗುವುದಿಲ್ಲ. ನೀರು ಕುದಿಯುತ್ತದೆ, ಗಾಡಿ ನಿಲ್ಲುತ್ತದೆ. ಗ್ಯಾರೇಜಿಗೆ ಒಯ್ದರೆ ಮಿಸ್ತ್ರಿ ಒಂದೇ ಮಾತಿನಲ್ಲಿ ಹೇಳುತ್ತಾನೆ: "ಹೆಡ್ ಪ್ಯಾಕಿಂಗ್ ಹೋಗೇತ್ರಿ."

ಹೀಗೆ 'ಹೋಗುವ' ವಸ್ತು ಒಂದೆರಡು ಮಿಲಿಮೀಟರ್ ದಪ್ಪದ ಒಂದು ಹಾಳೆ. ಅದನ್ನು ಬದಲಿಸುವ ಕೆಲಸವನ್ನು ತಾಳ್ಮೆಯುಳ್ಳ ಯಾರಾದರೂ ಕಲಿಯಬಹುದು. ಪಿ.ಯು.ಸಿ. ಮಟ್ಟದ ಭೌತವಿಜ್ಞಾನದ ಹಲವು ಪಾಠಗಳು ಈ ಒಂದೇ ಕೆಲಸದಲ್ಲಿ ಕೂಡಿಬರುತ್ತವೆ. ಆದರೆ ಈ ಹಾಳೆಗೆ ಒಂದು ಚರಿತ್ರೆಯೂ ಇದೆ. ಆ ಚರಿತ್ರೆಯನ್ನು ತಿಳಿಯದೆ ಹಳೆಯ ಜೀಪಿನ ಹೆಡ್ ಬಿಚ್ಚುವವರು ತಮ್ಮ ಶ್ವಾಸಕೋಶಗಳನ್ನೇ ಅಪಾಯಕ್ಕೆ ಒಡ್ಡಬಹುದು.

ಸೋರಿಕೆಯೊಂದಿಗೆ ಹೋರಾಟ

ಎಷ್ಟೇ ನಯಮಾಡಿದರೂ ಎರಡು ಲೋಹದ ಮೇಲ್ಮೈಗಳು ಪೂರ್ತಿಯಾಗಿ ಒಂದನ್ನೊಂದು ಮುಟ್ಟುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಬೆಟ್ಟ ಕಣಿವೆಗಳ ಎರಡು ಭೂಪಟಗಳಂತೆ ಕಾಣುತ್ತವೆ. ಬೆಟ್ಟದ ತುದಿಗಳಷ್ಟೇ ಪರಸ್ಪರ ತಾಗುತ್ತವೆ, ಕಣಿವೆಗಳ ಮೂಲಕ ಅನಿಲ ನುಸುಳುತ್ತದೆ. ಉಗಿ ಎಂಜಿನ್ ತಯಾರಿಸಿದ ಮೊದಲಿಗರಿಗೇ ಈ ಸಮಸ್ಯೆ ಎದುರಾಯಿತು. 1712ರಲ್ಲಿ ಥಾಮಸ್ ನ್ಯೂಕಾಮೆನ್ ತನ್ನ ಎಂಜಿನ್ನಿನ ಪಿಸ್ಟನ್ನಿಗೆ ತೊಗಲಿನ ಅಂಚು ಕಟ್ಟಿ, ಅದರ ಮೇಲೆ ನೀರು ನಿಲ್ಲಿಸಿ ಸೋರಿಕೆ ತಡೆದ. ಸಿಲಿಂಡರನ್ನು ಸದಾ ಬಿಸಿಯಾಗಿಡಲು ಬಯಸಿದ ಜೇಮ್ಸ್ ವಾಟ್‌ಗೆ ಈ ನೀರಿನ ಉಪಾಯ ಒಗ್ಗಲಿಲ್ಲ. ಅವನು ಕೊಬ್ಬು ಸವರಿದ ಸೆಣಬಿನ ನಾರನ್ನು ತುರುಕಿದ. 1774ರಲ್ಲಿ ಜಾನ್ ವಿಲ್ಕಿನ್ಸನ್ ಫಿರಂಗಿ ಕೊರೆಯಲು ರೂಪಿಸಿದ ಯಂತ್ರವನ್ನು ಸಿಲಿಂಡರ್ ಕೊರೆಯಲು ಒಗ್ಗಿಸಿದ ಮೇಲೆಯೇ ವಾಟ್‌ನ ಎಂಜಿನ್ ಯಶಸ್ಸು ಕಂಡದ್ದು.

'ಗ್ಯಾಸ್ಕೆಟ್' ಎಂಬ ಪದದ ಮೂಲವೂ ಇಲ್ಲೇ ಇದೆ. ಮೊದಲಿಗೆ ಅದು ಹಾಯಿಹಡಗಿನಲ್ಲಿ ಮಡಿಚಿದ ಪಟವನ್ನು ಕಟ್ಟುವ ಹಗ್ಗದ ಹೆಸರು. ಉಗಿ ಎಂಜಿನ್ನಿನವರು ಅಂಥದೇ ಹೆಣೆದ ಹಗ್ಗವನ್ನು ಸಂದುಗಳಿಗೆ ತುರುಕಿದಾಗ ಹೆಸರೂ ಜೊತೆಗೆ ಬಂತು. ನಮ್ಮ ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ 'ಪ್ಯಾಕಿಂಗ್' ಎಂಬ ಮಾತೂ ಹೀಗೆ 'ತುರುಕುವ' ಕಾಲದ ನೆನಪೇ.

ಕಳಚಬಹುದಾದ ಹೆಡ್

ಮೊದಮೊದಲ ಪೆಟ್ರೋಲ್ ಎಂಜಿನ್ನುಗಳಲ್ಲಿ ಅನೇಕವು ಈ ಸಮಸ್ಯೆಯಿಂದ ತಪ್ಪಿಸಿಕೊಂಡೇ ಬದುಕಿದವು. ಸಿಲಿಂಡರ್ ಮತ್ತು ಅದರ ಮುಚ್ಚಳವಾದ ಹೆಡ್ ಎರಡನ್ನೂ ಒಂದೇ ಎರಕದಲ್ಲಿ ಹೊಯ್ಯುತ್ತಿದ್ದರು. ಸಂದು ಇಲ್ಲದಿದ್ದರೆ ಸೋರಿಕೆಯೂ ಇಲ್ಲ. ಆದರೆ ಒಳಗೆ ಮಸಿ ಕಟ್ಟಿದಾಗ ಅಥವಾ ಪಿಸ್ಟನ್ ಸವೆದಾಗ ಎಂಜಿನ್ನನ್ನೇ ಬಿಚ್ಚಬೇಕಿತ್ತು.

1908ರಲ್ಲಿ ಹೆನ್ರಿ ಫೋರ್ಡ್ ಮಾರುಕಟ್ಟೆಗೆ ತಂದ ಮಾಡೆಲ್ ಟಿ ಕಾರಿನಲ್ಲಿ ನಾಲ್ಕು ಸಿಲಿಂಡರುಗಳು ಒಂದೇ ಬ್ಲಾಕಿನಲ್ಲಿದ್ದವು. ಹೆಡ್ ಮಾತ್ರ ಪ್ರತ್ಯೇಕವಾಗಿದ್ದು ಬೋಲ್ಟುಗಳಿಂದ ಬಿಗಿಯಲ್ಪಟ್ಟಿತ್ತು. ತಯಾರಿಕೆ ಸುಲಭವಾಯಿತು. ಹಳ್ಳಿಯ ರೈತನೂ ಹೆಡ್ ಬಿಚ್ಚಿ ದುರಸ್ತಿ ಮಾಡಿಕೊಳ್ಳಬಹುದಾಯಿತು. ಇದಕ್ಕೆ ತೆತ್ತ ಬೆಲೆಯೆಂದರೆ ಬ್ಲಾಕ್ ಮತ್ತು ಹೆಡ್ ನಡುವಿನ ಒಂದು ಸಂದು. ಅದನ್ನು ಮುಚ್ಚಲು ಎರಡು ತೆಳು ತಾಮ್ರದ ತಗಡುಗಳ ನಡುವೆ ಕಲ್ನಾರಿನ ಹಾಳೆಯನ್ನಿಟ್ಟು ಗ್ಯಾಸ್ಕೆಟ್ ಮಾಡಿದರು.

ಈ ಜೋಡಿ ಯಾಕೆ? ತಾಮ್ರ ಮೆದು. ಒತ್ತಿದರೆ ಕಣಿವೆಗಳಿಗೆ ಹರಿದು ಕೂರುತ್ತದೆ, ಶಾಖವನ್ನು ಬೇಗ ಹರಡುತ್ತದೆ, 1085° ಸೆ. ತನಕ ಕರಗುವುದಿಲ್ಲ. ಕಲ್ನಾರು ನೂಲಿನಂತೆ ಎಳೆಯಾಗಿ ಬಿಡಿಸಬಹುದಾದ ಖನಿಜ. ಬೆಂಕಿಗೆ ಉರಿಯುವುದಿಲ್ಲ, ಒತ್ತಿದರೆ ಕುಗ್ಗಿ, ಬಿಟ್ಟರೆ ಸ್ವಲ್ಪ ಹಿಗ್ಗುತ್ತದೆ. ಈ ಗುಣಗಳಿಗಾಗಿ ಮುಂದಿನ ಸುಮಾರು ಎಪ್ಪತ್ತೈದು ವರ್ಷ ಹೆಡ್ ಗ್ಯಾಸ್ಕೆಟ್ಟಿನ ಲೋಕವನ್ನು ಕಲ್ನಾರೇ ಆಳಿತು.

ಜೀಪು ಬಂತು

1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕು ಚಕ್ರ ಚಾಲನೆಯ ವಾಹನಕ್ಕಾಗಿ ಕಂಪನಿಗಳನ್ನು ಕರೆಯಿತು. ಬ್ಯಾಂಟಮ್ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ರೂಪಿಸಿದ ಮಾದರಿ ಅದೇ ಸೆಪ್ಟೆಂಬರಿನಲ್ಲಿ ಸೈನ್ಯದ ಕೈಸೇರಿತು. ಕೊನೆಗೆ ದೊಡ್ಡ ಗುತ್ತಿಗೆ ಪಡೆದದ್ದು ವಿಲ್ಲಿಸ್ ಓವರ್‌ಲ್ಯಾಂಡ್. ಅದರ ಮುಖ್ಯ ಎಂಜಿನಿಯರ್ ಡೆಲ್ಮಾರ್ ರೂಸ್ ಹಳೆಯ ಎಂಜಿನ್ನೊಂದನ್ನು ತಿದ್ದಿ 60 ಅಶ್ವಶಕ್ತಿ ಪಡೆದಿದ್ದ. 2199 ಘನ ಸೆಂ.ಮೀ. ಗಾತ್ರದ ಈ 'ಗೋ ಡೆವಿಲ್' ಎಂಜಿನ್ನಿನಲ್ಲಿ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನಲ್ಲೇ ಇದ್ದವು. ಹಾಗಾಗಿ ಹೆಡ್ ಒಂದು ಸರಳ ಮುಚ್ಚಳವಷ್ಟೇ. ಅದನ್ನು ತೆಗೆದರೂ ಕವಾಟಗಳ ಹೊಂದಾಣಿಕೆ ಕೆಡುತ್ತಿರಲಿಲ್ಲ. ಯುದ್ಧಭೂಮಿಯ ಮರದಡಿಯಲ್ಲಿ ಗ್ಯಾಸ್ಕೆಟ್ ಬದಲಿಸಲು ಸಾಧ್ಯವಾಗಿದ್ದರ ಗುಟ್ಟು ಇದು.

1945ರಲ್ಲಿ ಸ್ಥಾಪನೆಯಾದ, ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಾದ ಕಂಪನಿ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು. 1954ರಲ್ಲಿ ವಿಲ್ಲಿಸ್ ಸಹಯೋಗದಲ್ಲಿ ಹಂತಹಂತವಾಗಿ ಇಲ್ಲೇ ತಯಾರಿಕೆ ಶುರುವಾಯಿತು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಜೀಪು ಹಳ್ಳಿಗಳನ್ನು ಹೊಕ್ಕಿತು. ವಿಜಯಪುರ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಸರ್ವೆಗೆ, ಕಾಮಗಾರಿಗೆ, ಕಂದಾಯದ ತಿರುಗಾಟಕ್ಕೆ ರಸ್ತೆಯಿಲ್ಲದ ಕಡೆಯಲ್ಲೆಲ್ಲ ಜೀಪೇ ಗತಿಯಾಗಿದ್ದ ಕಾಲ ಅದು.

ಬರುಬರುತ್ತ ಎಂಜಿನ್ನೂ ಬದಲಾಯಿತು. 1953ರ ಸಿಜೆ-3ಬಿ ಮಾದರಿಯಲ್ಲಿ ಒಳತೆಗೆ ಕವಾಟಗಳು ಹೆಡ್ಡಿಗೆ ಏರಿದವು. 1979ರಲ್ಲಿ ಮಹೀಂದ್ರ ಫ್ರಾನ್ಸಿನ ಪೂಜೊ ಕಂಪನಿಯಿಂದ 2112 ಘನ ಸೆಂ.ಮೀ.ಯ ಡೀಸೆಲ್ ಎಂಜಿನ್ ತಯಾರಿಸುವ ಪರವಾನಗಿ ಪಡೆಯಿತು. ಯುದ್ಧಕಾಲದ ಜೀಪಿನ ಸಂಪೀಡನ ಅನುಪಾತ ಸುಮಾರು 6.5 ಇದ್ದರೆ ಈ ಡೀಸೆಲ್ಲಿನದು 20ಕ್ಕೂ ಮೇಲೆ. ಹಾಳೆಯ ಹೊಣೆ ಹಲವು ಪಟ್ಟು ಹೆಚ್ಚಿತು.

ಹಾಳೆ ಹೊರುವ ಹೊರೆ

ಒಂದು ಸಣ್ಣ ಲೆಕ್ಕ ಮಾಡೋಣ. ಯುದ್ಧಕಾಲದ ಜೀಪಿನ ಸಿಲಿಂಡರಿನ ವ್ಯಾಸ 79.4 ಮಿ.ಮೀ., ಅಂದರೆ ವಿಸ್ತೀರ್ಣ ಸುಮಾರು 49.5 ಚದರ ಸೆಂ.ಮೀ. ದಹನದ ಗರಿಷ್ಠ ಒತ್ತಡವನ್ನು 30 ಬಾರ್ ಎಂದಿಟ್ಟುಕೊಂಡರೆ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 1500 ಕಿಲೋಗ್ರಾಂ ತೂಕಕ್ಕೆ ಸಮ. ಇಡೀ ಜೀಪಿನ ತೂಕಕ್ಕಿಂತ ಇದು ಹೆಚ್ಚು! ದಹನಕೊಠಡಿ ಪಕ್ಕದ ಕವಾಟಗಳ ಮೇಲೂ ಚಾಚಿರುವುದರಿಂದ ನಿಜವಾದ ಬಲ ಇನ್ನೂ ಅಧಿಕ. 90 ಮಿ.ಮೀ. ವ್ಯಾಸದ ಡೀಸೆಲ್ ಎಂಜಿನ್ನಿಗೆ 70 ಬಾರ್ ಹಿಡಿದರೆ ಬಲ ಸುಮಾರು 4500 ಕಿಲೋಗ್ರಾಂ ತೂಕದಷ್ಟಾಗುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನಲ್ಲೂ ಈ ಹೊಡೆತ ಸೆಕೆಂಡಿಗೆ 25 ಸಲ ಬೀಳುತ್ತದೆ.

ಏತ ನೀರಾವರಿ ಕಂಡವರಿಗೆ ಇನ್ನೊಂದು ಹೋಲಿಕೆ. 10 ಮೀಟರ್ ನೀರಿನ ಕಂಬ ಹೆಚ್ಚುಕಡಿಮೆ 1 ಬಾರ್ ಒತ್ತಡ ಕೊಡುತ್ತದೆ. ಆಲಮಟ್ಟಿಯ ಪೂರ್ಣ ಜಲಮಟ್ಟ 519.60 ಮೀಟರ್, ವಿಜಯಪುರದ ಎತ್ತರ ಸುಮಾರು 600 ಮೀಟರ್. ಈ 80 ಮೀಟರ್ ಏರಿಸಲು, ಕೊಳವೆಯ ಘರ್ಷಣೆ ಬಿಟ್ಟು, 8 ಬಾರ್ ಸಾಕು. ಸಮುದ್ರಮಟ್ಟದಿಂದಲೇ ವಿಜಯಪುರಕ್ಕೆ ನೀರೆತ್ತಬೇಕಾದರೆ 60 ಬಾರ್ ಬೇಕು. ಡೀಸೆಲ್ ಜೀಪಿನ ಗ್ಯಾಸ್ಕೆಟ್ ತಡೆದು ನಿಲ್ಲಿಸುವುದು ಅದಕ್ಕೂ ಮಿಗಿಲಾದ ಒತ್ತಡವನ್ನು.

ಇದರ ಮೇಲೆ ಉಷ್ಣ ವ್ಯಾಕೋಚನ. ಎಷ್ಟೋ ಎಂಜಿನ್ನುಗಳಲ್ಲಿ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮಿನದು. ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಹೆಡ್ 80° ಸೆ. ಬಿಸಿಯೇರಿದರೆ ಕಬ್ಬಿಣ ಸುಮಾರು 0.44 ಮಿ.ಮೀ., ಅಲ್ಯೂಮಿನಿಯಂ ಸುಮಾರು 0.88 ಮಿ.ಮೀ. ಬೆಳೆಯಲು ಹವಣಿಸುತ್ತವೆ. ಗಾಡಿ ಬಿಸಿಯಾಗಿ ತಣಿದಾಗಲೆಲ್ಲ ಹಾಳೆಯ ಮೇಲೆ ಈ ಜಗ್ಗಾಟ ನಡೆಯುತ್ತಲೇ ಇರುತ್ತದೆ.

ಸೋರಿಕೆಯನ್ನು ಗುರುತಿಸುವುದು ಹೇಗೆ?

ಗ್ಯಾಸ್ಕೆಟ್ ಮೂರನ್ನು ಬೇರ್ಪಡಿಸಿ ಇಡಬೇಕು: ದಹನದ ಅನಿಲ, ತಂಪುಮಾಡುವ ನೀರು, ಎಂಜಿನ್ ಆಯಿಲ್. ಯಾವುದು ಯಾವುದರೊಳಗೆ ನುಗ್ಗಿದೆ ಎಂಬುದರ ಮೇಲೆ ಲಕ್ಷಣ ಬೇರೆಯಾಗುತ್ತದೆ. ನೀರು ಆಯಿಲ್ ಸೇರಿದರೆ ಆಯಿಲ್ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗುತ್ತದೆ. ನೀರು ಸಿಲಿಂಡರಿಗೆ ಇಳಿದರೆ ಹೊಗೆಕೊಳವೆಯಿಂದ ಬಿಳಿಯ ಆವಿ ನಿಲ್ಲದೆ ಬರುತ್ತದೆ. ಅಕ್ಕಪಕ್ಕದ ಸಿಲಿಂಡರುಗಳ ನಡುವೆ ದಾರಿಯಾದರೆ ಎರಡರಲ್ಲೂ ಸಂಪೀಡನ ಒಟ್ಟಿಗೇ ಕುಸಿಯುತ್ತದೆ. ಅನಿಲ ನೀರಿಗೆ ನುಗ್ಗಿದರೆ ರೇಡಿಯೇಟರಿನಲ್ಲಿ ಗುಳ್ಳೆಗಳು ಏಳುತ್ತವೆ.

ಕೊನೆಯದು ಹೆಚ್ಚು ಮೋಸ ಮಾಡುವಂಥದು. 600 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡ ಕಡಿಮೆಯಾದ್ದರಿಂದ ನೀರು 98° ಸೆ.ಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಅರ್ಧ ಬಾರ್ ಹೆಚ್ಚು ಒತ್ತಡ ಹಿಡಿದಿಟ್ಟರೆ ಕುದಿಬಿಂದು ಸುಮಾರು 110° ಸೆ.ಗೆ ಏರುತ್ತದೆ. ಸೋರುವ ಅನಿಲ ಈ ಮುಚ್ಚಳವನ್ನು ಪದೇಪದೇ ತೆರೆಸಿ ನೀರನ್ನು ಹೊರಗೆ ಹಾಕುತ್ತದೆ. ನೀರು ಕಡಿಮೆಯಾದಂತೆ ಹೆಡ್ ಕಾಯುತ್ತದೆ, ಕಾದು ಸೊಟ್ಟಗಾಗುತ್ತದೆ, ಸೋರಿಕೆ ಇನ್ನೂ ಬಲಿಯುತ್ತದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆರೆಯಬಾರದು ಎಂಬುದಕ್ಕೂ ಕಾರಣ ಇಲ್ಲೇ ಇದೆ. ಒತ್ತಡ ಇಳಿದ ಕ್ಷಣವೇ 98°ಗಿಂತ ಬಿಸಿಯಾದ ನೀರೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಗುಳ್ಳೆಗಳು ದಹನದ ಅನಿಲವೇ ಎಂದು ತಿಳಿಯಲು ರಸಾಯನಶಾಸ್ತ್ರದ ನೆರವಿದೆ. ಶಿಕ್ಷಕರು ಶಾಲೆಯಲ್ಲಿ ಬ್ರೋಮೋಥೈಮಾಲ್ ಬ್ಲೂ ದ್ರಾವಣಕ್ಕೆ ಊದುಕೊಳವೆಯಿಂದ ಉಸಿರು ಬಿಡಿಸಿ ನೀಲಿ ಬಣ್ಣ ಹಳದಿಗೆ ತಿರುಗುವುದನ್ನು ತೋರಿಸುತ್ತಾರಲ್ಲವೇ? ಇಂಗಾಲದ ಡೈಆಕ್ಸೈಡ್ ಕರಗಿ ಆಮ್ಲವಾಗುವುದೇ ಕಾರಣ. ಗ್ಯಾರೇಜಿನ ಪರೀಕ್ಷೆಯೂ ಅದೇ. ರೇಡಿಯೇಟರಿನ ನೀರಿನ ಮೇಲಿರುವ ಗಾಳಿಯನ್ನು ಈ ನೀಲಿ ದ್ರಾವಣದ ಮೂಲಕ ಎಳೆಯುತ್ತಾರೆ. ಹಳದಿಯಾದರೆ ದಹನಕೊಠಡಿಯಿಂದ ದಾರಿಯಾಗಿದೆ ಎಂದರ್ಥ.

ಬದಲಿಸುವ ಕೆಲಸ, ಪ್ರತಿ ಹೆಜ್ಜೆಗೂ ಒಂದು ಕಾರಣ

ಎಂಜಿನ್ ಪೂರ್ತಿ ತಣಿದಿರಬೇಕು. ಬ್ಯಾಟರಿಯ ತಂತಿ ಬಿಡಿಸಿ, ನೀರು ಇಳಿಸಿ, ಹೆಡ್ ಬೋಲ್ಟುಗಳನ್ನು ತುದಿಗಳಿಂದ ನಡುವಿಗೆ, ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಒಂದು ಬದಿಯನ್ನು ಮೊದಲೇ ಪೂರ್ತಿ ಬಿಚ್ಚಿದರೆ ಉಳಿದ ಬೋಲ್ಟುಗಳ ಎಳೆತ ಹೆಡ್ಡನ್ನು ಬಾಗಿಸುತ್ತದೆ. ಹೆಡ್ ಬಿಗಿಯಾಗಿ ಕೂತಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತುರುಕಬಾರದು. ಅಲ್ಲಿ ಬೀಳುವ ಗೀರೇ ನಾಳೆಯ ಸೋರಿಕೆಯ ಕಾಲುವೆಯಾಗುತ್ತದೆ.

ಹೆಡ್ ಇಳಿಸಿದ ಮೇಲೆ ಹಳೆಯ ಗ್ಯಾಸ್ಕೆಟ್ಟನ್ನು ಗಮನವಿಟ್ಟು ನೋಡಿ. ಅನಿಲ ಹರಿದ ಜಾಡು ಕಪ್ಪು ಗೆರೆಯಾಗಿ ಕಾಣುತ್ತದೆ. ದೋಷ ಎಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಆಮೇಲೆ ನೇರ ಅಂಚಿನ ಪಟ್ಟಿಯೊಂದನ್ನು ಹೆಡ್ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಅಡಿಯಲ್ಲಿ ಫೀಲರ್ ಗೇಜಿನ ತೆಳು ಪಟ್ಟಿ ತೂರುತ್ತದೆಯೇ ನೋಡಬೇಕು. 0.1 ಮಿ.ಮೀ. ತೂರಿದರೂ ಚಿಂತಿಸಬೇಕಾದ ವಿಷಯ. ಆ ಎಂಜಿನ್ನಿನ ಕೈಪಿಡಿ ಹೇಳುವ ಮಿತಿ ಮೀರಿದ್ದರೆ ಹೆಡ್ಡನ್ನು ಲೇತಿನವರಲ್ಲಿ ಮಟ್ಟ ಹೊಡೆಸದೆ ಹೊಸ ಗ್ಯಾಸ್ಕೆಟ್ ಹಾಕುವುದು ವ್ಯರ್ಥ. ಬ್ಲಾಕಿನ ಬೋಲ್ಟಿನ ತೂತುಗಳಲ್ಲಿ ನೀರಾಗಲಿ ಆಯಿಲ್ ಆಗಲಿ ನಿಂತಿರಬಾರದು. ದ್ರವ ಕುಗ್ಗುವುದಿಲ್ಲವಾದ್ದರಿಂದ ಬಿಗಿಯುವಾಗ ಬ್ಲಾಕೇ ಸೀಳಬಹುದು.

ಬಿಗಿಯುವುದು ನಡುವಿನಿಂದ ತುದಿಗಳಿಗೆ, ಮೂರು ಹಂತಗಳಲ್ಲಿ. ಪುಸ್ತಕದ ರಟ್ಟಿಗೆ ಕಾಗದ ಅಂಟಿಸುವಾಗ ನಡುವಿನಿಂದ ಹೊರಕ್ಕೆ ಒರೆಸುವಂತೆಯೇ ಇದೂ. ಇಲ್ಲದಿದ್ದರೆ ನಡುವೆ ಉಬ್ಬು ಉಳಿದುಬಿಡುತ್ತದೆ.

ಎಷ್ಟು ಬಿಗಿಯಬೇಕು? ಇಲ್ಲಿ ಘರ್ಷಣೆಯ ಪಾಠ ಬರುತ್ತದೆ. ಪಾನಾಕ್ಕೆ ನಾವು ಕೊಡುವ ಟಾರ್ಕಿನಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ, ಉಳಿದದ್ದರಲ್ಲಿ ಬಹುಪಾಲು ಮರೆಯ ಘರ್ಷಣೆಗೆ ಹೋಗುತ್ತದೆ. ಬೋಲ್ಟನ್ನು ಎಳೆದು ಹಿಡಿಯಲು ಒದಗುವುದು ಹತ್ತರಲ್ಲೊಂದು ಪಾಲು ಮಾತ್ರ. ಟಾರ್ಕನ್ನು ಬೋಲ್ಟಿನ ವ್ಯಾಸದಿಂದಲೂ 0.2 ಎಂಬ ಗುಣಾಂಕದಿಂದಲೂ ಭಾಗಿಸಿದರೆ ಎಳೆತದ ಅಂದಾಜು ಸಿಗುತ್ತದೆ. 11 ಮಿ.ಮೀ. ವ್ಯಾಸದ ಬೋಲ್ಟಿಗೆ 90 ನ್ಯೂಟನ್ ಮೀಟರ್ ಕೊಟ್ಟರೆ ಎಳೆತ ಸುಮಾರು 41,000 ನ್ಯೂಟನ್, ಅಂದರೆ ನಾಲ್ಕು ಟನ್ ತೂಕದಷ್ಟು. ಮರೆಗೆ ಎಣ್ಣೆ ಸವರಿ ಗುಣಾಂಕ 0.15ಕ್ಕೆ ಇಳಿದರೆ ಅದೇ ಟಾರ್ಕಿಗೆ ಎಳೆತ ಮೂರನೇ ಒಂದು ಭಾಗದಷ್ಟು ಏರುತ್ತದೆ. ಕೈಪಿಡಿ ಒಣ ಮರೆ ಎಂದಿದೆಯೇ, ಎಣ್ಣೆ ಸವರಿದ್ದು ಎಂದಿದೆಯೇ ಎಂಬುದನ್ನು ಓದಿಯೇ ಮುಂದುವರಿಯಬೇಕು.

ಟಾರ್ಕ್ ಅಳೆಯುವ ಪಾನಾ ಬಂದದ್ದು ವಾಹನ ಉದ್ಯಮದಿಂದಲ್ಲ. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್, ಕೊಳವೆಗಳ ಬೋಲ್ಟು ಅತಿಯಾಗಿ ಬಿಗಿದು ಮುರಿಯುವುದನ್ನು ತಪ್ಪಿಸಲು ಸುಮಾರು 1918ರಲ್ಲಿ ಅದನ್ನು ರೂಪಿಸಿದನೆಂದು ಹೇಳುತ್ತಾರೆ. ಅಂಥ ಪಾನಾಗಳಿಗೆ ಪೇಟೆಂಟುಗಳು ಬಂದದ್ದು 1930ರ ದಶಕದಲ್ಲಿ. ಅಂದರೆ ಗ್ಯಾಸ್ಕೆಟ್ ಹಾಕುವವರ ಮೊದಲ ಪೀಳಿಗೆ ಕೈಯಂದಾಜಿನಲ್ಲೇ ಬಿಗಿಯಿತು.

ಕವಾಟಗಳು ಹೆಡ್ಡಿನಲ್ಲಿರುವ ಎಂಜಿನ್ನಾದರೆ ಕೊನೆಗೆ ಅವುಗಳ ಸಂದನ್ನು ಮತ್ತೆ ಹೊಂದಿಸಬೇಕು. ತಾಮ್ರ–ಕಲ್ನಾರಿನ ಮಾದರಿಯ ಹಾಳೆಯಾದರೆ ಒಂದೆರಡು ಸಲ ಬಿಸಿಯಾಗಿ ತಣಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಹಾಳೆ ಕುಗ್ಗಿ ಕೂತಷ್ಟೂ ಬೋಲ್ಟಿನ ಎಳೆತ ಇಳಿದಿರುತ್ತದೆ.

ಕಲ್ನಾರಿನ ಇನ್ನೊಂದು ಲೆಕ್ಕ

ಹಳೆಯ ಗ್ಯಾಸ್ಕೆಟ್ಟನ್ನು ನೋಡಬೇಕೆಂದೆನೇ ಹೊರತು ಕೆರೆಯಬೇಕೆಂದು ಹೇಳಲಿಲ್ಲ. ಅದಕ್ಕೆ ಕಾರಣವಿದೆ.

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರು ನೂಲುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಸತ್ತಳು. ಆಕೆಗೆ ಆಗ 33 ವರ್ಷ. ಶವಪರೀಕ್ಷೆ ನಡೆಸಿದ ವಿಲಿಯಂ ಕುಕ್ ಆಕೆಯ ಶ್ವಾಸಕೋಶದಲ್ಲಿ ಖನಿಜದ ಕಣಗಳನ್ನು ಕಂಡು, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದ. 1927ರಲ್ಲಿ ಆ ರೋಗಕ್ಕೆ 'ಆಸ್ಬೆಸ್ಟೋಸಿಸ್' ಎಂಬ ಹೆಸರು ಬಂತು. 1930ರ ಮೆರಿವೆದರ್–ಪ್ರೈಸ್ ವರದಿಯ ಬೆನ್ನಲ್ಲೇ, 1931ರಲ್ಲಿ, ಬ್ರಿಟನ್ ಕಾರ್ಖಾನೆಗಳಿಗೆ ನಿಯಮ ಮಾಡಿತು. ನೆಲ್ಲಿಯ ಕುಟುಂಬಕ್ಕೆ ಮಾತ್ರ ಪರಿಹಾರ ಸಿಗಲಿಲ್ಲ. 1960ರಲ್ಲಿ ಕ್ರಿಸ್ ವ್ಯಾಗ್ನರ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕಾದ ಕಲ್ನಾರು ಗಣಿ ಪ್ರದೇಶದ 33 ರೋಗಿಗಳನ್ನು ಪರಿಶೀಲಿಸಿ, ಶ್ವಾಸಕೋಶದ ಹೊದಿಕೆಯ ವಿರಳ ಕ್ಯಾನ್ಸರಿಗೂ ಕಲ್ನಾರಿಗೂ ಇರುವ ನಂಟನ್ನು ತೋರಿಸಿದರು.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜೀಪು ಹುಟ್ಟುವ ಹದಿನಾರು ವರ್ಷ ಮೊದಲೇ ನೆಲ್ಲಿ ಕರ್ಶಾಳ ವರದಿ ಅಚ್ಚಾಗಿತ್ತು. ಆದರೂ ಲಕ್ಷಾಂತರ ಜೀಪುಗಳ ಗ್ಯಾಸ್ಕೆಟ್ಟಿನಲ್ಲಿ, ಬ್ರೇಕಿನಲ್ಲಿ, ಕ್ಲಚ್ಚಿನಲ್ಲಿ ಕಲ್ನಾರು ಮುಂದುವರಿಯಿತು. ರೋಗ ತಲೆದೋರಲು ಇಪ್ಪತ್ತರಿಂದ ನಲವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಕಾರಣ ಮತ್ತು ಪರಿಣಾಮಗಳ ನಡುವೆ ಇಷ್ಟು ಅಂತರವಿದ್ದಾಗ ಮನುಷ್ಯ ಸುಲಭವಾಗಿ ಕಣ್ಣು ಮುಚ್ಚಿಕೊಳ್ಳುತ್ತಾನೆ.

ನಮ್ಮ ದೇಶದಲ್ಲಿ 1986ರಲ್ಲಿ ಹೊಸ ಕಲ್ನಾರು ಗಣಿ ಗುತ್ತಿಗೆಗಳನ್ನು ನಿಲ್ಲಿಸಲಾಯಿತು. 1995ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಕಲ್ನಾರು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯತನಕ ಇಡಬೇಕೆಂದು ಆದೇಶಿಸಿತು. ಯುರೋಪಿನ ಒಕ್ಕೂಟದಲ್ಲಿ 2005ರಿಂದ ನಿಷೇಧವಿದೆ. ಅಮೆರಿಕದ ಪರಿಸರ ಸಂಸ್ಥೆ 2024ರ ಮಾರ್ಚಿನಲ್ಲಿ ಹೊರಡಿಸಿದ ನಿಯಮ ಬಿಳಿ ಕಲ್ನಾರಿನ ಗ್ಯಾಸ್ಕೆಟ್ಟುಗಳನ್ನೂ ಒಳಗೊಂಡಿದೆ. ಭಾರತದಲ್ಲಿ ಬಿಳಿ ಕಲ್ನಾರಿನ ಬಳಕೆ ಪೂರ್ಣವಾಗಿ ನಿಷೇಧವಾಗಿಲ್ಲ. ನ್ಯಾಯಾಲಯದ ಆದೇಶ ಕಾರ್ಖಾನೆಯ ಕಾರ್ಮಿಕನ ದಾಖಲೆಯನ್ನು ಕಾಯುತ್ತದೆ. ರಸ್ತೆ ಬದಿಯ ಗ್ಯಾರೇಜಿನ ಮಿಸ್ತ್ರಿಗೆ, ಅವನ ಕೈಕೆಳಗಿನ ಹುಡುಗನಿಗೆ ಅಂಥ ದಾಖಲೆಯೇ ಇಲ್ಲ.

ಜೀವನದಲ್ಲಿ ಒಮ್ಮೆ ಒಂದು ಗ್ಯಾಸ್ಕೆಟ್ ಬದಲಿಸುವವರಿಗೆ ಅಪಾಯ ಚಿಕ್ಕದು. ದಿನವೂ ಅದೇ ಕೆಲಸ ಮಾಡುವವರಿಗೆ ಅದು ಕೂಡುತ್ತಲೇ ಹೋಗುತ್ತದೆ. ಎಚ್ಚರಿಕೆ ಕಷ್ಟದ್ದೇನಲ್ಲ. ಹಳೆಯ ಹಾಳೆಯಲ್ಲಿ ಕಲ್ನಾರು ಇದೆಯೇ ಇಲ್ಲವೇ ಎಂದು ಕಣ್ಣಿನಿಂದ ಹೇಳಲಾಗದು, ಆದ್ದರಿಂದ ಇದೆ ಎಂದೇ ತಿಳಿಯಿರಿ. ಸ್ವಲ್ಪ ಸಾಬೂನು ಬೆರೆಸಿದ ನೀರಿನಿಂದ ಅದನ್ನು ಚೆನ್ನಾಗಿ ತೋಯಿಸಿ, ನಿಧಾನವಾಗಿ ಎಬ್ಬಿಸಿ. ಒಣಗಿದ್ದಾಗ ಕೆರೆಯಬೇಡಿ. ತಂತಿಯ ಬ್ರಷ್, ತಿರುಗುವ ಗ್ರೈಂಡರ್ ಬೇಡ. ಕಂಪ್ರೆಸರಿನ ಗಾಳಿ ಊದುವುದಂತೂ ಬೇಡವೇ ಬೇಡ. ತೆಗೆದ ಚೂರುಗಳನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಗಳೊಡನೆ ಒಗೆಯಬೇಡಿ. ಮೂಗಿಗೆ ಕಟ್ಟಿದ ಕರವಸ್ತ್ರ ಈ ಎಳೆಗಳನ್ನು ತಡೆಯುವುದಿಲ್ಲ.

ಹೊಸದನ್ನು ಕೊಳ್ಳುವಾಗ ಕಲ್ನಾರು ಇಲ್ಲದ್ದನ್ನು ಕೇಳಿ ಪಡೆಯಿರಿ. 1960ರ ದಶಕದಲ್ಲಿ ಬಂದ ಬಾಗುವ ಗ್ರಾಫೈಟ್ ಹಾಳೆ, 1965ರಲ್ಲಿ ಸ್ಟೆಫಾನಿ ಕ್ವೊಲೆಕ್ ಕಂಡುಹಿಡಿದ ಕೆವ್ಲಾರ್‌ನಂಥ ಅರಾಮಿಡ್ ನಾರು, 1990ರ ದಶಕದಲ್ಲಿ ವ್ಯಾಪಕವಾದ ಹಲವು ಪದರಗಳ ಉಕ್ಕಿನ ಗ್ಯಾಸ್ಕೆಟ್ ಇವೆಲ್ಲ ಕಲ್ನಾರಿನ ಸ್ಥಾನ ತುಂಬಿವೆ. ಉಕ್ಕಿನ ಪದರದ್ದಕ್ಕೆ ತುಂಬ ನಯವಾದ ಮೇಲ್ಮೈ ಬೇಕು. ಹಳೆಯ ಜೀಪಿಗೆ ನಾರು ಅಥವಾ ಗ್ರಾಫೈಟಿನ ಹಾಳೆಯೇ ಹೆಚ್ಚು ಹೊಂದುತ್ತದೆ.

ಮುಂದಿನ ಸಲ ಯಾವುದಾದರೂ ಗ್ಯಾರೇಜಿನ ಮುಂದೆ ಹೆಡ್ ಬಿಚ್ಚಿದ ಜೀಪು ಕಂಡರೆ ವಿದ್ಯಾರ್ಥಿಗಳನ್ನು ಕರೆದೊಯ್ದು ತೋರಿಸಿ. ಒತ್ತಡ, ವ್ಯಾಕೋಚನ, ಘರ್ಷಣೆ, ಕುದಿಬಿಂದು ಎಲ್ಲವೂ ಅಲ್ಲಿ ಕಣ್ಣೆದುರಿಗೇ ಇವೆ. ಹೋದವರು ಮಿಸ್ತ್ರಿಯಿಂದ ಕಲಿತು ಬರುವುದು ಬಹಳವಿದೆ. ಬದಲಿಗೆ ಅವನಿಗೆ ಒಂದು ಮಾತು ಹೇಳಿ ಬನ್ನಿ: ಕೆರೆಯುವ ಮೊದಲು ನೀರು ಹಾಕು.